ಮನೆಯ ಗುಟ್ಟು ಹೇಳುವವರು ಯಾರು? ಕಲ್ಯಾಣದಿಂದ ಇಟಾಸ್ಕಾದವರೆಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಮನೆ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಅದಕ್ಕೆ ಕಾರಣವುಂಟು. ಅವರ ಕಾಲದಲ್ಲಿ ಮನೆಯೆಂಬುದು ಪಿತ್ರಾರ್ಜಿತವಾಗಿ ಬರುತ್ತಿತ್ತು, ಇಲ್ಲವೇ ಸ್ವಂತ ದುಡಿಮೆಯಿಂದ ಕಟ್ಟಿಸಿದ್ದಾಗಿರುತ್ತಿತ್ತು. ಬೇರೆ ಯಾರೋ ಇಪ್ಪತ್ತು ವರ್ಷ ಬಾಳಿ ಬಿಟ್ಟ ಮನೆಯನ್ನು, ಅವರ ಮುಖವನ್ನೂ ಸರಿಯಾಗಿ ನೋಡದೆ, ಮೂವತ್ತು ವರ್ಷದ ಸಾಲ ಮಾಡಿ ಕೊಳ್ಳುವ ಪ್ರಸಂಗ ಅವರಲ್ಲಿ ಹೆಚ್ಚಿನವರಿಗೆ ಬರಲಿಲ್ಲ. ಅದು ಕಡಲಾಚೆ ಬಂದು ನೆಲೆಸಿದ ನಮ್ಮಂಥವರ ಪಾಲಿಗೆ ಬಂದ ಅನುಭವ.

ಮಕ್ಕಳು ರೆಕ್ಕೆ ಬಲಿತು ಹಾರಿಹೋದ ಮೇಲೆ ಇಟಾಸ್ಕಾದ ನಮ್ಮ ಮನೆ ನಮ್ಮಿಬ್ಬರಿಗೆ ದೊಡ್ಡದಾಯಿತು. ಮಾರುವುದೆಂದು ನಿಶ್ಚಯಿಸಿದಾಗ ಏಜೆಂಟರು ಒಂದು ನಮೂನೆಯನ್ನು ಊಟದ ಮೇಜಿನ ಮೇಲಿಟ್ಟು ಹೋದರು. ಇಲಿನಾಯ್ ರಾಜ್ಯದ ಕಾಯಿದೆಯಂತೆ, ಮಾರುವವರು ಕರಾರಿಗೆ ಸಹಿ ಬೀಳುವ ಮುಂಚೆ ಕೊಳ್ಳುವವರಿಗೆ ತುಂಬಿ ಕೊಡಬೇಕಾದ ಹೇಳಿಕೆ ಅದು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವಾಕ್ಯಗಳಿವೆ. ಪ್ರತಿಯೊಂದಕ್ಕೂ ಹೌದು, ಇಲ್ಲ, ಅನ್ವಯಿಸದು ಎಂಬ ಮೂರರಲ್ಲಿ ಒಂದನ್ನು ಗುರುತು ಮಾಡಬೇಕು. ಬೇಸ್‌ಮೆಂಟಿಗೆ ನೀರು ನುಗ್ಗಿದ್ದು ನಿಮಗೆ ತಿಳಿದಿದೆಯೇ ಎಂಬುದು ಅದರ ಆರಂಭದ ಸಾಲುಗಳಲ್ಲೇ ಇದೆ. ಅಲ್ಲಿಗೆ ಬಂದಾಗ ನನ್ನ ಲೇಖನಿ ನಿಂತಿತು.

2000ದಲ್ಲಿ ಈ ಮನೆಯನ್ನು ಕೊಂಡಾಗ ಇದೇ ನಮೂನೆ ನಮ್ಮ ಕೈಗೂ ಬಂದಿತ್ತು. ಅದರಲ್ಲಿ ನೀರಿನ ಸಾಲಿಗೆ ‘ಇಲ್ಲ’ ಎಂದಿತ್ತು. ಬೇಸ್‌ಮೆಂಟಿನ ಗೋಡೆಗೆ ಹೊಸ ಬಣ್ಣ ಬಳಿದಿತ್ತು, ನೆಲಕ್ಕೆ ಹೊಸ ಕಾರ್ಪೆಟ್ಟಿತ್ತು. ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ ಎಂದು ಮೆಚ್ಚಿಕೊಂಡೆವು. ಎರಡನೆಯ ಬೇಸಗೆಯಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಅಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ಊರಿನಿಂದ ತಂದಿದ್ದ ನನ್ನ ಪುಸ್ತಕಗಳ ಪೆಟ್ಟಿಗೆಗಳು ನೆನೆದು ಮುದ್ದೆಯಾದವು. ಮರುದಿನ ಪಕ್ಕದ ಮನೆಯ ವೃದ್ಧೆ ಬೇಲಿಯ ಬಳಿ ನಿಂತು, ‘ದೊಡ್ಡ ಮಳೆ ಬಂದಾಗಲೆಲ್ಲ ಹಿಂದಿನವರ ಕಾಲದಲ್ಲೂ ಹೀಗೇ ಆಗುತ್ತಿತ್ತು, ನಿಮಗೆ ಹೇಳಲಿಲ್ಲವೇ?’ ಎಂದು ಅಚ್ಚರಿಪಟ್ಟರು. ಆಕೆಗೆ ಎಲ್ಲವೂ ಗೊತ್ತಿತ್ತು. ಕೊಳ್ಳುವ ಮೊದಲು ಆಕೆಯ ಬಾಗಿಲು ತಟ್ಟಬೇಕೆಂಬುದು ನಮಗೆ ಹೊಳೆದಿರಲಿಲ್ಲ. ಈ ಕಾಯಿದೆಯಡಿ ದಾವೆ ಹೂಡಲು ಮನೆ ಕೈಸೇರಿದ ಒಂದು ವರ್ಷದ ಅವಧಿಯಷ್ಟೇ ಇತ್ತು. ಅದು ಆಗಲೇ ಕಳೆದುಹೋಗಿತ್ತು.

ಮನೆಯ ಗುಟ್ಟನ್ನು ಬಲ್ಲವರು ಯಾರು, ಅದನ್ನು ಹೇಳಬೇಕಾದವರು ಯಾರು, ಹೇಳದಿದ್ದರೆ ಏನು ಎಂಬ ಪ್ರಶ್ನೆಯನ್ನು ಅಂದಿನಿಂದ ಬೆನ್ನಟ್ಟಿ ನಾನು ಓದಿಕೊಂಡದ್ದನ್ನು ಸಮ್ಮೇಳನದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಆ ಹುಡುಕಾಟ ನನ್ನನ್ನು ಕರೆದೊಯ್ದದ್ದು ಮೊದಲು ಕನ್ನಡ ನಾಡಿಗೇ.

ಊರ ಮುಂದೆ ಮಾರಾಟ

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಓಲೆಗರಿಯೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದನ್ನು ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರು. ಆ ಗ್ರಂಥದಲ್ಲಿ ಮನೆ ಹೊಲಗಳ ಮಾರಾಟಕ್ಕೆಂದೇ ಒಂದು ಪ್ರಕರಣವಿದೆ. ಅದರಂತೆ ಕೊಳ್ಳುವ ಮೊದಲ ಅವಕಾಶ ಬಂಧುಗಳದು, ಆಮೇಲೆ ನೆರೆಹೊರೆಯವರದು, ಆಮೇಲೆ ಸಾಲ ಕೊಟ್ಟವರದು, ಕೊನೆಗೆ ಹೊರಗಿನವರದು. ಮಾರಾಟವನ್ನು ಸುತ್ತಲಿನ ನಲವತ್ತು ಕುಟುಂಬಗಳ ಸಮ್ಮುಖದಲ್ಲಿ, ಆ ಮನೆಯ ಎದುರಿನಲ್ಲೇ ನಿಂತು ಸಾರಬೇಕು. ಹೊಲ, ತೋಟ, ಕೆರೆ ಕಟ್ಟೆಗಳಾದರೆ ಗ್ರಾಮದ ಹಿರಿಯರ ಎದುರಿನಲ್ಲಿ ಎಲ್ಲೆಗಳನ್ನು ಹೇಳಿ, ಈ ಬೆಲೆಗೆ ಕೊಳ್ಳುವವರುಂಟೇ ಎಂದು ಮೂರು ಬಾರಿ ಕೂಗಬೇಕು.

ಈ ಸಾರುವಿಕೆಯ ಫಲವೇನೆಂದು ಗಮನಿಸಬೇಕು. ನಲವತ್ತು ಮನೆಯವರು ಸುತ್ತ ನಿಂತಿರುವಾಗ ಮಳೆಗೆ ಸೋರುವ ಮಾಡನ್ನು ಸೋರುವುದಿಲ್ಲ ಎನ್ನುವ ಧೈರ್ಯ ಯಾರಿಗೆ ಬಂದೀತು? ಮಾರುವವನ ಬಾಯಿ ಸುಮ್ಮನಿದ್ದರೂ ಊರ ಬಾಯಿ ಸುಮ್ಮನಿರುವುದಿಲ್ಲ.

ಇದಕ್ಕಿಂತಲೂ ನಮಗೆ ಹತ್ತಿರದ ಸಾಕ್ಷಿ ಕಲ್ಯಾಣದಲ್ಲಿದೆ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ, 1076ರಿಂದ 1126ರವರೆಗೆ ಆಳಿದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿ. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದನು. ಭೂಮಿ ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೆ ಗ್ರಾಮದವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಈ ನಾಲ್ವರ ಸಮ್ಮತಿ ಬೇಕು, ಹೊನ್ನು ನೀರುಗಳ ಧಾರೆಯೂ ಬೇಕು ಎಂಬ ಹಳೆಯ ನಿಯಮವನ್ನು ಅವನು ಅಲ್ಲಿ ಚರ್ಚಿಸುತ್ತಾನೆ. ಗ್ರಾಮದವರ ಸಮ್ಮತಿ ಇಲ್ಲದಿದ್ದರೆ ವ್ಯವಹಾರ ಬಿದ್ದುಹೋಗುತ್ತದೆಂದಲ್ಲ, ವ್ಯವಹಾರ ಎಲ್ಲರಿಗೂ ತಿಳಿದಿರಲಿ ಎಂಬುದಕ್ಕಾಗಿ ಅದು ಬೇಕು ಎಂಬುದು ಅವನ ವಿವರಣೆ. ನೆರೆಯವರ ಸಮ್ಮತಿ ಏಕೆಂದರೆ ಮುಂದೆ ಎಲ್ಲೆಯ ತಗಾದೆ ಬಾರದಿರಲೆಂದು. ಅವನು ವ್ಯಾಖ್ಯಾನಿಸಿದ ಅದೇ ಸ್ಮೃತಿಯಲ್ಲಿ, ದೋಷವುಳ್ಳ ಸರಕನ್ನು ನಿರ್ದೋಷವೆಂದು ಮಾರಿದವನಿಗೆ ಬೆಲೆಯ ಇಮ್ಮಡಿ ದಂಡ.

ನನ್ನ ಮೇಜಿನ ಮೇಲಿದ್ದ ನಮೂನೆಯಲ್ಲಿಯೂ ಎಲ್ಲೆಯ ತಗಾದೆ ಇದ್ದರೆ ತಿಳಿಸಿರಿ ಎಂಬ ಸಾಲಿದೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕುಳಿತ ಪಂಡಿತನ ಚಿಂತೆಯೂ ಇಲಿನಾಯ್ ಶಾಸಕರ ಚಿಂತೆಯೂ ಇಷ್ಟರಮಟ್ಟಿಗೆ ಒಂದೇ.

ಹಳೆಯದೆಲ್ಲ ಹೊನ್ನು ಎಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ನೆರೆಯವರ ಸಮ್ಮತಿ ಬೇಕೆಂಬ ನಿಯಮಕ್ಕೆ ಇನ್ನೊಂದು ಮುಖವಿದೆ. ಯಾರು ನಮ್ಮ ಕೇರಿಗೆ ಬರಬಾರದು ಎಂದು ತೀರ್ಮಾನಿಸುವ ಅಧಿಕಾರವೂ ಅದರೊಳಗೆ ಅಡಗಿದೆ. ಜಾತಿಗೊಂದು ಕೇರಿಯಿದ್ದ ನಮ್ಮ ಊರುಗಳಲ್ಲಿ ಆ ಅಧಿಕಾರ ಹೇಗೆ ನಡೆಯಿತೆಂಬುದನ್ನು ನಾವು ಬಲ್ಲೆವು. ಅದೇ ಮುಖವನ್ನು ಡೆಟ್ರಾಯಿಟ್ಟಿನಲ್ಲಿಯೂ ಮುಂದೆ ಕಾಣಲಿದ್ದೇವೆ.

ಕೊಳ್ಳುವವನೇ, ಎಚ್ಚರ!

ಇಂಗ್ಲೆಂಡಿನಲ್ಲಿ ನ್ಯಾಯ ಬೇರೆ ದಾರಿ ಹಿಡಿಯಿತು. 1603ರಲ್ಲಿ ಅಲ್ಲಿನ ನ್ಯಾಯಾಲಯದ ಮುಂದೆ ಒಂದು ಕಲ್ಲಿನ ಮೊಕದ್ದಮೆ ಬಂದಿತು. ಪ್ರಾಣಿಯ ಹೊಟ್ಟೆಯಲ್ಲಿ ಬೆಳೆಯುವ, ವಿಷವನ್ನು ಇಳಿಸಬಲ್ಲದೆಂದು ಆ ಕಾಲದವರು ನಂಬಿದ್ದ ಕಲ್ಲೆಂದು ಹೇಳಿ, ಅಕ್ಕಸಾಲಿಗನೊಬ್ಬ ಅದನ್ನು ನೂರು ಪೌಂಡಿಗೆ ಮಾರಿದ್ದನು. ಕಲ್ಲು ಅದಾಗಿರಲಿಲ್ಲ. ಅಕ್ಕಸಾಲಿಗನು ಮಾತು ಹೇಳಿದನೇ ಹೊರತು ಖಾತರಿ ಕೊಟ್ಟಿರಲಿಲ್ಲ, ಆದ್ದರಿಂದ ಬರಿಯ ಮಾತಿಗೆ ಅವನು ಹೊಣೆಯಲ್ಲ ಎಂಬ ತತ್ತ್ವ ಆ ಮೊಕದ್ದಮೆಯಿಂದ ಹೆಸರಾಯಿತು. ಕೊಳ್ಳುವವನೇ ಎಚ್ಚರದಿಂದಿರಬೇಕು ಎಂಬ ಈ ಸೂತ್ರ ಲ್ಯಾಟಿನ್ ನುಡಿಯಲ್ಲಿ ಕೇವಿಯಟ್ ಎಂಪ್ಟರ್ ಎಂದು ಪ್ರಸಿದ್ಧವಾಗಿ, ಹಡಗು ಹತ್ತಿ ಅಮೆರಿಕೆಗೂ ಬಂದಿತು. ಕೇಳಿದಾಗ ಸುಳ್ಳು ಹೇಳಿದರೆ, ಬೇಕೆಂದೇ ದೋಷವನ್ನು ಮರೆಮಾಡಿದರೆ ಅದು ವಂಚನೆ. ಸುಮ್ಮನಿದ್ದರೆ ಅಪರಾಧವಿಲ್ಲ. ಮನೆಯ ವಿಷಯದಲ್ಲಿ ಈ ಮೌನದ ಹಕ್ಕು ಇಪ್ಪತ್ತನೆಯ ಶತಮಾನದ ಬಹುಭಾಗ ಇಲ್ಲಿ ಉಳಿದುಬಂದಿತು.

ಸೋಜಿಗದ ಸಂಗತಿಯೆಂದರೆ, ಅದೇ ಆಂಗ್ಲರು ಭಾರತಕ್ಕೆ ಕಾಯಿದೆ ಬರೆಯುವಾಗ ಬೇರೆ ಮಾತನಾಡಿದರು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮನ್ನು ನೋಡಿರಿ. ಸ್ವತ್ತಿನಲ್ಲಿಯಾಗಲಿ ತನ್ನ ಹಕ್ಕಿನಲ್ಲಿಯಾಗಲಿ ಮುಖ್ಯವಾದ ದೋಷವಿದ್ದು, ಅದು ಮಾರುವವನಿಗೆ ತಿಳಿದು ಕೊಳ್ಳುವವನಿಗೆ ತಿಳಿಯದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂತಿದ್ದರೆ, ಅದನ್ನು ಹೇಳುವುದು ಮಾರುವವನ ಕರ್ತವ್ಯ. ಹೇಳದೆ ಬಿಟ್ಟರೆ ಅದು ಮೋಸವೆಂದೇ ಲೆಕ್ಕ. ಕೊಳ್ಳುವವನಿಗೂ ಅಲ್ಲಿ ಒಂದು ಕಟ್ಟಳೆಯಿದೆ. ಮಾರುವವನ ಹಕ್ಕಿನ ಬೆಲೆಯನ್ನು ಗಣನೀಯವಾಗಿ ಹೆಚ್ಚಿಸುವಂಥ ಸಂಗತಿ ಅವನಿಗೇ ತಿಳಿಯದೆ ಕೊಳ್ಳುವವನಿಗೆ ತಿಳಿದಿದ್ದರೆ, ಅದನ್ನು ಅವನು ಮುಚ್ಚಿಡಬಾರದು. ಮೊದಲು ಎಲ್ಲ ಪ್ರಾಂತ್ಯಗಳಿಗೂ ಅನ್ವಯಿಸದಿದ್ದ ಈ ಕಾಯಿದೆ ಕ್ರಮೇಣ ನಮ್ಮ ನಾಡಿನಲ್ಲೆಲ್ಲ ನೆಲೆಯೂರಿತು.

ನಮ್ಮ ತಂದೆ ತಾತಂದಿರ ಕ್ರಯಪತ್ರಗಳನ್ನು ಪೆಟ್ಟಿಗೆಯಿಂದ ತೆಗೆದು ಓದಿದವರಿಗೆ ಅದರ ಧಾಟಿ ಪರಿಚಿತ. ನಾಲ್ಕು ದಿಕ್ಕಿನ ಚಕ್ಕುಬಂದಿ, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಸ್ವತ್ತಿನ ಮೇಲೆ ಯಾವ ಋಣಭಾರವೂ ಇಲ್ಲವೆಂಬ ಭರವಸೆ, ಕೊನೆಗೆ ಸಾಕ್ಷಿಗಳ ರುಜು. ಅದಕ್ಕೆ ಬೆಂಬಲವಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ. ಆದರೆ ಹಕ್ಕಿನ ಬಗ್ಗೆ ಇಷ್ಟು ಮಾತನಾಡುವ ಆ ಪತ್ರಗಳಲ್ಲಿ ಗೋಡೆ, ಬಾವಿ, ಮಾಡುಗಳ ಬಗ್ಗೆ ಮಾತು ಕಡಿಮೆ. ಆ ವಿಷಯವನ್ನು ಹೇಳಲು ಭಾವನವರಿದ್ದರು, ಸೋದರಮಾವನವರಿದ್ದರು, ಎದುರು ಮನೆಯ ಅಜ್ಜಿಯಿದ್ದರು. ಕಾಯಿದೆ ಪುಸ್ತಕದಲ್ಲಿತ್ತು, ಎಚ್ಚರಿಕೆ ಬಂಧುಗಳ ಬಾಯಲ್ಲಿತ್ತು.

ಮನೆಯ ಬದಲು ಮನುಷ್ಯರ ತಪಾಸಣೆ

ನಾವು ಬಂದು ನೆಲೆಸಿದ ಈ ಎರಡು ಮಹಾನಗರಗಳ ಚರಿತ್ರೆ ಸುಖವಾದದ್ದಲ್ಲ. ಡೆಟ್ರಾಯಿಟ್ಟಿನ ಪಕ್ಕದ ಗ್ರೋಸ್ ಪಾಯಿಂಟ್ ಊರುಗಳಲ್ಲಿ ಮನೆಯ ದೋಷವನ್ನು ಕೊಳ್ಳುವವರಿಗೆ ತಿಳಿಸುವ ಬದಲು, ಕೊಳ್ಳುವವರ ‘ದೋಷ’ವನ್ನೇ ಗುಟ್ಟಾಗಿ ಅಳೆಯುವ ಪದ್ಧತಿಯಿತ್ತು. 1960ರಲ್ಲಿ ಅದು ಬಯಲಾಯಿತು. ಮನೆ ಕೊಳ್ಳಬಯಸಿದವರ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟು, ಅವರ ಮೈಬಣ್ಣ, ಉಚ್ಚಾರಣೆ, ಉಡುಗೆ, ಸ್ನೇಹಿತರು ಎಂಥವರು ಎಂದು ವಿಚಾರಿಸಿ ಅಂಕ ಹಾಕುತ್ತಿದ್ದರು. ಸಾಮಾನ್ಯವಾಗಿ 50 ಅಂಕ ಬಂದರೆ ತೇರ್ಗಡೆ, ಪೋಲಿಷ್ ಮೂಲದವರಿಗೆ 55 ಬೇಕು, ಯಹೂದ್ಯರಿಗೆ 85 ಬೇಕು. ಕಪ್ಪು ಜನರಿಗೂ ಏಷ್ಯಾದವರಿಗೂ ಅಂಕ ಹಾಕುವ ಗೋಜೇ ಇರಲಿಲ್ಲ, ಅವರಿಗೆ ಬಾಗಿಲು ಮುಚ್ಚಿತ್ತು. ನಮ್ಮಲ್ಲಿ ಯಾರಾದರೂ ಆ ಕಾಲಕ್ಕೆ ಅಲ್ಲಿಗೆ ಹೋಗಿದ್ದರೆ ಯಾವ ಸಾಲಿನಲ್ಲಿ ನಿಲ್ಲುತ್ತಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಶಿಕಾಗೊದ ಕಥೆ ಇನ್ನೂ ಕರುಣಾಜನಕ. 1950 ಮತ್ತು 60ರ ದಶಕಗಳಲ್ಲಿ ಅಲ್ಲಿನ ಕಪ್ಪು ಕುಟುಂಬಗಳಿಗೆ ಬ್ಯಾಂಕುಗಳು ಮನೆ ಸಾಲ ಕೊಡುತ್ತಿರಲಿಲ್ಲ. ಅದನ್ನೇ ಬಂಡವಾಳ ಮಾಡಿಕೊಂಡ ದಲ್ಲಾಳಿಗಳು ಹಳೆಯ ಮನೆಗಳನ್ನು ಅಗ್ಗಕ್ಕೆ ಕೊಂಡು, ಎರಡರಷ್ಟು ಬೆಲೆಗೆ ಕಂತಿನ ಕರಾರಿನ ಮೇಲೆ ಅವರಿಗೆ ಮಾರಿದರು. ತಾವು ಕೊಂಡ ಬೆಲೆಯನ್ನು ಹೇಳಲಿಲ್ಲ, ಮನೆಯ ಮೇಲೆ ಕಟ್ಟಡ ನಿಯಮಗಳ ಉಲ್ಲಂಘನೆಯಿದ್ದರೆ ಅದನ್ನೂ ಹೇಳಲಿಲ್ಲ. ಕೊನೆಯ ಕಂತು ತೀರುವವರೆಗೆ ಹಕ್ಕುಪತ್ರ ಕೊಳ್ಳುವವರ ಕೈಗೆ ಬರುತ್ತಿರಲಿಲ್ಲ. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. 1968ರಲ್ಲಿ ನಾರ್ತ್ ಲಾನ್‌ಡೇಲ್ ಬಡಾವಣೆಯ ಇಂಥ ಕುಟುಂಬಗಳು ಕಾಂಟ್ರ್ಯಾಕ್ಟ್ ಬೈಯರ್ಸ್ ಲೀಗ್ ಎಂಬ ಸಂಘ ಕಟ್ಟಿ, ಕಂತು ಕಟ್ಟುವುದನ್ನು ನಿಲ್ಲಿಸಿ ಹೋರಾಡಿದವು. ನ್ಯಾಯಾಲಯದಲ್ಲಿ ಜಯ ದೊರೆಯದಿದ್ದರೂ ಅನೇಕ ಕರಾರುಗಳು ಹೊಸದಾಗಿ ನ್ಯಾಯವಾದ ಬೆಲೆಗೆ ಬರೆಯಲ್ಪಟ್ಟವು. ಅದೇ 1968ರಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲದೇಶಗಳ ನೆಪದಲ್ಲಿ ಮನೆ ನಿರಾಕರಿಸುವುದನ್ನು ನಿಷೇಧಿಸುವ ರಾಷ್ಟ್ರೀಯ ಕಾಯಿದೆ ಬಂದಿತು.

1965ರ ವಲಸೆ ಕಾಯಿದೆಯಿಂದಾಗಿ ನಮ್ಮವರು ಇಲ್ಲಿಗೆ ಬಂದು, ಶಾಂಬರ್ಗ್, ನೇಪರ್‌ವಿಲ್, ಟ್ರಾಯ್, ಕ್ಯಾಂಟನ್ ಮುಂತಾದ ಕಡೆ ನಿರಾತಂಕವಾಗಿ ಮನೆ ಕೊಳ್ಳಲು ಸಾಧ್ಯವಾದದ್ದು ಬೇರೆಯವರು ತೆತ್ತ ಈ ಬೆಲೆಯ ಮೇಲೆ. ಈ ಋಣವನ್ನು ನಮ್ಮ ಗೃಹಪ್ರವೇಶದ ಸಂಭ್ರಮದಲ್ಲಿ ನಾವು ನೆನೆಯುವುದು ಅಪರೂಪ.

ಮೌನದ ಹಕ್ಕು ಮುಗಿದ ಬಗೆ

ಮನೆಯೊಳಕ್ಕೆ ಬರುವ ಹಕ್ಕು ದೊರೆತರೂ ಮನೆಯ ಗುಟ್ಟು ತಿಳಿಯುವ ಹಕ್ಕು ದೊರೆಯಲು ಇನ್ನೂ ಕಾಲು ಶತಮಾನ ಬೇಕಾಯಿತು. 1979ರಲ್ಲಿ ಇಲಿನಾಯ್ ಸರ್ವೋಚ್ಚ ನ್ಯಾಯಾಲಯವು, ಹೊಸ ಮನೆ ಕಟ್ಟಿ ಮಾರುವವನು ಅದು ವಾಸಯೋಗ್ಯವೆಂಬ ಭರವಸೆಯನ್ನು ಹೇಳದೆಯೇ ಕೊಟ್ಟಂತೆ ಎಂದು ತೀರ್ಪಿತ್ತಿತು. ಹಳೆಯ ಮನೆಗಳ ಮಾತು ಹಾಗೆಯೇ ಉಳಿಯಿತು.

1984ರಲ್ಲಿ ಕ್ಯಾಲಿಫೋರ್ನಿಯದಿಂದ ಗಾಳಿ ಬೀಸಿತು. ಸರಿಯಾಗಿ ಗಟ್ಟಿಮಾಡದ ತುಂಬುಮಣ್ಣಿನ ಮೇಲೆ ಕಟ್ಟಿದ ಮನೆಯೊಂದನ್ನು 1976ರಲ್ಲಿ ಒಬ್ಬ ಮಹಿಳೆ 1,70,000 ಡಾಲರಿಗೆ ಕೊಂಡಿದ್ದರು. ಮಣ್ಣು ಜಾರಿತು, ಮನೆ ಬಿರಿಯಿತು. ಕಣ್ಣಿಗೆ ಕಾಣುವ ಸೂಚನೆಗಳಿದ್ದಾಗ ಏಜೆಂಟನು ಮನೆಯನ್ನು ಪರೀಕ್ಷಿಸಿ ಕೊಳ್ಳುವವರಿಗೆ ತಿಳಿಸಬೇಕಿತ್ತು ಎಂದು ನ್ಯಾಯಾಲಯ ಹೇಳಿತು. ಮಾರುವವರು ಸುಮ್ಮನಿದ್ದರೆ ಪೆಟ್ಟು ತಮ್ಮ ತಲೆಗೆ ಎಂದರಿತ ಏಜೆಂಟರ ಸಂಘಗಳು, ಮಾರುವವರಿಂದಲೇ ಬರೆಸಿಕೊಳ್ಳುವ ಕಾಯಿದೆಗೆ ಒತ್ತಾಯ ತಂದವು. 1987ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅಂಥ ನಮೂನೆ ಕಡ್ಡಾಯವಾಯಿತು. ಸತ್ಯ ಹೇಳಿಸುವ ಕಾಯಿದೆ ಹುಟ್ಟಿದ್ದರಲ್ಲಿ ಧರ್ಮಬುದ್ಧಿಯಷ್ಟೇ ಆತ್ಮರಕ್ಷಣೆಯ ಪಾಲೂ ಇದೆಯೆಂಬುದನ್ನು ಒಪ್ಪಿಕೊಳ್ಳಬೇಕು.

1991ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಇನ್ನೊಂದು ಮೊಕದ್ದಮೆ ವಿನೋದವಾದದ್ದು. ನಯಾಕ್ ಎಂಬ ಊರಿನ ಮನೆಯೊಂದರಲ್ಲಿ ದೆವ್ವಗಳಿವೆಯೆಂದು ಒಡತಿಯೇ ಪತ್ರಿಕೆಗಳಲ್ಲಿ ಹೇಳಿಕೊಂಡಿದ್ದರು. ಕೊಳ್ಳಬಂದ ನಗರದ ಮನುಷ್ಯನಿಗೆ ಮಾತ್ರ ಹೇಳಿರಲಿಲ್ಲ. ಒಡತಿಯೇ ಸಾರಿದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಆ ಮನೆಯಲ್ಲಿ ದೆವ್ವವಿದೆ ಎಂದು ನ್ಯಾಯಾಧೀಶರು ಚಟಾಕಿ ಹಾರಿಸಿ, ಕೊಳ್ಳುವವನಿಗೆ ಕರಾರಿನಿಂದ ಬಿಡುಗಡೆ ಕೇಳುವ ಹಾದಿ ತೆರೆದುಕೊಟ್ಟರು. ನಗೆಯ ಹಿಂದಿನ ತರ್ಕ ಮಾತ್ರ ಗಂಭೀರ. ಊರವರಿಗೆಲ್ಲ ತಿಳಿದದ್ದು ಹೊರಗಿನಿಂದ ಬಂದವನಿಗೆ ತಿಳಿದಿರಲಾರದು, ಮನೆಯನ್ನು ಎಷ್ಟು ಪರೀಕ್ಷಿಸಿದರೂ ತಿಳಿಯುವಂಥದಲ್ಲ ಎಂಬುದೇ ಆ ತರ್ಕ. ಹೊರಗಿನಿಂದ ಬಂದವರು ಎಂದರೆ ನಾವೇ ಅಲ್ಲವೇ?

ನಮ್ಮ ಎರಡು ರಾಜ್ಯಗಳಲ್ಲಿ ಕಾಯಿದೆ ಒಂದೇ ವರ್ಷ ಜಾರಿಗೆ ಬಂದಿತು. ಮಿಷಿಗನ್ನಿನಲ್ಲಿ 1994ರ ಜನವರಿ 8ರಿಂದ, ಇಲಿನಾಯ್‌ನಲ್ಲಿ 1994ರ ಅಕ್ಟೋಬರ್ 1ರಿಂದ. ಎರಡೂ ಒಂದರಿಂದ ನಾಲ್ಕು ವಾಸದ ಘಟಕಗಳಿರುವ ಕಟ್ಟಡಗಳಿಗೆ ಅನ್ವಯಿಸುತ್ತವೆ. ಛಾವಣಿ, ತಳಪಾಯ, ವಿದ್ಯುತ್ತು, ಕೊಳಾಯಿ, ಬಾವಿ, ಸೆಪ್ಟಿಕ್ ಟ್ಯಾಂಕು, ಗೆದ್ದಲು, ಕಲ್ನಾರು, ಸೀಸ, ರೇಡಾನ್ ಎಲ್ಲವನ್ನೂ ಕೇಳುತ್ತವೆ. ಮಿಷಿಗನ್ನಿನ ನಮೂನೆ ಹತ್ತಿರದಲ್ಲಿ ವಿಮಾನ ನಿಲ್ದಾಣ, ಕಸ ಹೂಳುವ ಜಾಗ, ಬೇಸಾಯದ ಹೊಲಗಳಿವೆಯೇ ಎಂದೂ ವಿಚಾರಿಸುತ್ತದೆ. ಕರಾರಾದ ಮೇಲೆ ಹೇಳಿಕೆ ಕೈಗೆ ಬಂದರೆ, ಅಲ್ಲಿ ಕೊಳ್ಳುವವರು ಅದನ್ನು ಖುದ್ದಾಗಿ ಪಡೆದ 72 ಗಂಟೆಗಳೊಳಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಬಂದದ್ದಾದರೆ 120 ಗಂಟೆಗಳೊಳಗೆ ಕರಾರಿನಿಂದ ಹಿಂದೆ ಸರಿಯಬಹುದು.

ಇದರ ಮೇಲೆ ರಾಷ್ಟ್ರೀಯ ನಿಯಮವೊಂದು ಸೇರಿತು. 1978ಕ್ಕೆ ಮುಂಚೆ ಕಟ್ಟಿದ ಮನೆಯಾದರೆ, ಸೀಸದ ಬಣ್ಣದ ಬಗ್ಗೆ ತಿಳಿದದ್ದನ್ನು 1996ರಿಂದ ಹೇಳಲೇಬೇಕು. ಪರೀಕ್ಷೆ ಮಾಡಿಸಲು ಕೊಳ್ಳುವವರಿಗೆ ಹತ್ತು ದಿನದ ಅವಕಾಶ ಕೊಡಬೇಕು. ಇಲಿನಾಯ್‌ನಲ್ಲಿ 2008ರಿಂದ ರೇಡಾನ್ ಅನಿಲದ ಬಗ್ಗೆ ತಿಳಿವಳಿಕೆ ಪತ್ರವನ್ನೂ, ಪರೀಕ್ಷೆ ನಡೆದಿದ್ದರೆ ಅದರ ಫಲಿತಾಂಶವನ್ನೂ ಒದಗಿಸಬೇಕು.

ನೀರಿನ ನೆನಪು

ಈ ನಮೂನೆಗಳಿಗೆ ಒಂದು ಮಿತಿಯಿದೆ. ಅವು ಕೇಳುವುದು ಮಾರುವವರಿಗೆ ತಿಳಿದಿರುವುದನ್ನು ಮಾತ್ರ. ಹುಡುಕಿ ನೋಡುವ ಹೊಣೆ ಅವರ ಮೇಲಿಲ್ಲ. ಅದು ಖಾತರಿಪತ್ರವೂ ಅಲ್ಲ. ‘ಇಲ್ಲ’ ಎಂಬ ಗುರುತಿಗೆ ‘ನನಗೆ ತಿಳಿದಂತೆ ಇಲ್ಲ’ ಎಂದಷ್ಟೇ ಅರ್ಥ. ಆದ್ದರಿಂದ ನೆಲದ ಚರಿತ್ರೆಯನ್ನು ನಾವೇ ವಿಚಾರಿಸಬೇಕು.

ಇಟಾಸ್ಕಾದ ಬಳಿ ಸಾಲ್ಟ್ ಕ್ರೀಕ್ ಎಂಬ ತೊರೆ ಹರಿಯುತ್ತದೆ. 1987ರ ಆಗಸ್ಟ್ 13 ಮತ್ತು 14ರಂದು ಪಕ್ಕದ ಓಹೇರ್ ವಿಮಾನ ನಿಲ್ದಾಣದಲ್ಲಿ 9 ಅಂಗುಲಕ್ಕೂ ಮೀರಿ ಮಳೆ ಬಿದ್ದಾಗ ಆ ತೊರೆಯ ಆಸುಪಾಸು ಜಲಮಯವಾಯಿತು. ಡೂಪೇಜ್ ಕೌಂಟಿ ಮಳೆನೀರಿನ ನಿಯಮಗಳನ್ನು ಬಿಗಿಗೊಳಿಸಿದ್ದು ಅದರ ನಂತರವೇ. ಡೆಟ್ರಾಯಿಟ್ ಸೀಮೆಯಲ್ಲಿ 2014ರ ಆಗಸ್ಟ್ 11ರ ಮಳೆಯನ್ನು, 2021ರ ಜೂನ್ 25 ಮತ್ತು 26ರ ಮಳೆಯನ್ನು ಕಂಡವರು ಈ ಸಮ್ಮೇಳನದಲ್ಲಿಯೇ ಇದ್ದಾರು. ಹೆದ್ದಾರಿಗಳು ಹೊಳೆಗಳಾದವು, ಸಾವಿರಾರು ಬೇಸ್‌ಮೆಂಟುಗಳು ತುಂಬಿದವು. ಎರಡನೆಯ ಬಾರಿ ಗ್ರೋಸ್ ಪಾಯಿಂಟಿನ ಮನೆಗಳೂ ಮುಳುಗಿದವು. ನೀರು ಯಾರಿಗೂ ಅಂಕ ಹಾಕುವುದಿಲ್ಲ.

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಿರುವ ಬಂಧುಗಳಿಗೂ ಈ ಮಾತು ದೂರದ್ದಲ್ಲ. 2016ರ ಆಗಸ್ಟ್‌ನಲ್ಲಿ ರಾಜಕಾಲುವೆಗಳ ಮೇಲೆ ಕಟ್ಟಿದ ಮನೆಗಳನ್ನು ನಗರಪಾಲಿಕೆ ಕೆಡವಿದಾಗ, ಕಾಗದಪತ್ರವೆಲ್ಲ ಸರಿಯಿದೆಯೆಂದು ನಂಬಿ ಸಾಲ ಮಾಡಿ ಕೊಂಡಿದ್ದವರು ಬೀದಿಯಲ್ಲಿ ನಿಂತು ಅತ್ತರು. ಅಲ್ಲಿ ಕಾಲುವೆಯಿತ್ತೆಂದು ಹಳೆಯ ಗ್ರಾಮ ನಕಾಶೆಗೆ ಗೊತ್ತಿತ್ತು, ಕೊಂಡವರಿಗೆ ಗೊತ್ತಿರಲಿಲ್ಲ. ಅದೇ ವರ್ಷ ಸಂಸತ್ತು ರೇರಾ ಎಂದು ಹೆಸರಾದ ಕಾಯಿದೆಯನ್ನು ಮಾಡಿತು. 2017ರ ಜುಲೈನಲ್ಲಿ ಕರ್ನಾಟಕದ ನಿಯಮಗಳು ಬಂದವು. ಅದರಡಿ ನೋಂದಾಯಿತವಾಗುವ ಯೋಜನೆಯ ಬಿಲ್ಡರು ನಕ್ಷೆ, ಹಕ್ಕು, ಋಣಭಾರಗಳ ವಿವರವನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಸರಿಪಡಿಸಿಕೊಡಬೇಕು. ನಲವತ್ತು ಕುಟುಂಬಗಳ ಎದುರು ಸಾರಬೇಕೆಂದ ಕೌಟಿಲ್ಯನ ಮಾತಿಗೆ ಇದು ಹೊಸ ರೂಪವೆಂದರೆ ತಪ್ಪಾಗದು.

ಇಲ್ಲಿ ಮನೆ ಕೊಳ್ಳಲಿರುವ ಕಿರಿಯರಿಗೆ ನನ್ನ ಅನುಭವದ ಎರಡು ಮಾತು. ನಮೂನೆಯನ್ನು ಕ್ಲೋಸಿಂಗ್ ದಿನದ ಕಾಗದಗಳ ಕಂತೆಯಲ್ಲಿ ಸೇರಿಸಿಬಿಡದೆ ಸಾಲು ಸಾಲಾಗಿ ಓದಿರಿ. ಸ್ವಂತ ಇನ್‌ಸ್ಪೆಕ್ಟರರನ್ನು ನೇಮಿಸಿರಿ, ಪ್ರವಾಹದ ನಕ್ಷೆ ನೋಡಿರಿ. ಎಲ್ಲಕ್ಕೂ ಮೊದಲು, ಒಂದು ಸಂಜೆ ಹೋಗಿ ಎರಡೂ ಪಕ್ಕದ ಮನೆಗಳ ಬಾಗಿಲು ತಟ್ಟಿರಿ. ವಿಜ್ಞಾನೇಶ್ವರನ ಸಲಹೆ ಈಗಲೂ ಹಳತಾಗಿಲ್ಲ.

ಹೌದು ಅಥವಾ ಇಲ್ಲ

ಇನ್ನು ನನ್ನ ಮೇಜಿನ ಮೇಲಿನ ನಮೂನೆಗೆ ಹಿಂದಿರುಗುತ್ತೇನೆ. ಆ ಪ್ರವಾಹವಾದ ಮೇಲೆ ಗೋಡೆಯ ಬುಡದಲ್ಲಿ ಕೊಳವೆ ಹಾಕಿಸಿದೆವು, ಸಂಪ್ ಪಂಪ್ ಇಡಿಸಿದೆವು. ನಡುವೆ ಒಮ್ಮೆ ವಿದ್ಯುತ್ತು ಹೋದಾಗ ಸ್ವಲ್ಪ ನೀರು ಬಂದದ್ದು ಬಿಟ್ಟರೆ ಹಲವು ವರ್ಷಗಳಿಂದ ನೆಲ ಒಣಗಿಯೇ ಇದೆ. ದೋಷ ಸರಿಹೋಗಿದೆಯೆಂದು ನ್ಯಾಯವಾಗಿ ನಂಬಿ ಹೇಳದೆ ಬಿಟ್ಟವರನ್ನು ಇಲಿನಾಯ್ ಕಾಯಿದೆ ಹೊಣೆ ಮಾಡುವುದಿಲ್ಲ. ಹಾಗಾದರೆ ‘ಇಲ್ಲ’ ಎಂದು ಬರೆಯಬಹುದಲ್ಲವೇ ಎಂದರು ನಮ್ಮ ಯಜಮಾನರು. ‘ಹೌದು’ ಎಂದರೆ ಬೆಲೆ ಇಳಿದೀತು, ಬಂದವರು ಹಿಂಜರಿದಾರು. ಮಗನ ಸಾಲ ಇನ್ನೂ ತೀರಿಲ್ಲ. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಆಗ ನನಗೆ ಹೊಳೆದದ್ದು, ನಮಗೆ ಮನೆ ಮಾರಿದವರೂ ಇದೇ ಮೇಜಿನಂಥ ಮೇಜಿನ ಮುಂದೆ ಕುಳಿತು ಹೀಗೆಯೇ ಲೆಕ್ಕ ಹಾಕಿರಬಹುದು ಎಂಬುದು. ಗೋಡೆಗೆ ನೀರು ತಡೆಯುವ ಬಣ್ಣ ಬಳಿದು, ಇನ್ನು ಬಾರದು ಎಂದು ಅವರೂ ನಂಬಿದ್ದಿರಬಹುದು. ಇಷ್ಟು ವರ್ಷ ಅವರನ್ನು ಮೋಸಗಾರರೆಂದು ಬೈದುಕೊಂಡಿದ್ದ ನಾನು ಅಂದು ಅವರ ಪಕ್ಕದಲ್ಲೇ ಕುಳಿತಿದ್ದೆ.

‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆ ನಮ್ಮಲ್ಲುಂಟು. ಮದುವೆಯಾದ ಮೇಲೆ ಎರಡು ಮನೆಯವರೂ ಒಬ್ಬರಿಗೊಬ್ಬರು ಕಣ್ಣೆದುರೇ ಇರುತ್ತಾರೆ. ಬೀಗರ ಮುಂದೆ ಸುಳ್ಳಿನ ಲೆಕ್ಕ ಒಂದಲ್ಲ ಒಂದು ದಿನ ತೀರಿಸಲೇಬೇಕಾಗುತ್ತದೆ. ಇಲ್ಲಿ ಮನೆ ಮಾರಿದವರು ಮರುದಿನವೇ ಬೇರೆ ರಾಜ್ಯಕ್ಕೆ ಹೊರಟುಹೋಗುತ್ತಾರೆ. ಲೆಕ್ಕ ಕೇಳುವವರಿಲ್ಲ. ಊರ ಬಾಯಿ ಇಲ್ಲದ ಕಡೆ ಒಂದು ಹಾಳೆಯೇ ಊರ ಬಾಯಾಗಬೇಕು. ಅದಕ್ಕೆ ಮಾತು ಕೊಡುವವರು ಸಹಿ ಹಾಕುವವರು ಮಾತ್ರ.

ಇಟಾಸ್ಕಾ ಎಂಬ ಹೆಸರಿನ ಕಥೆಯನ್ನು ಹೇಳಿ ಮುಗಿಸುತ್ತೇನೆ. ನಮ್ಮ ಊರಿನ ಹೆಸರು ಮಿನೆಸೋಟದ ಇಟಾಸ್ಕಾ ಸರೋವರದಿಂದ ಬಂದದ್ದು. 1832ರಲ್ಲಿ ಮಿಸಿಸಿಪ್ಪಿ ನದಿಯ ಮೂಲವನ್ನು ಹುಡುಕಿ ಹೋದ ಹೆನ್ರಿ ಸ್ಕೂಲ್‌ಕ್ರಾಫ್ಟ್, ಡೆಟ್ರಾಯಿಟ್ ಬಳಿಯ ಲಿವೋನಿಯದ ಕಾಲೇಜಿಗೆ ಯಾರ ಹೆಸರಿದೆಯೋ ಅವನೇ, ಲ್ಯಾಟಿನ್ ಭಾಷೆಯ ವೆರಿಟಾಸ್ ಕಾಪುಟ್ ಎಂಬ ಮಾತುಗಳ ತಲೆ ಬಾಲ ಕತ್ತರಿಸಿ ನಡುವಿನ ಅಕ್ಷರಗಳಿಂದ ಈ ಹೆಸರು ಕಟ್ಟಿದನು. ವೆರಿಟಾಸ್ ಎಂದರೆ ಸತ್ಯ, ಕಾಪುಟ್ ಎಂದರೆ ತಲೆ. ಕೇಳಿದವರು ಇದನ್ನು ಮೂಲನಿವಾಸಿಗಳ ಪದವೆಂದೇ ಭಾವಿಸುತ್ತಾರೆ. ಅವನಿಗೆ ದಾರಿ ತೋರಿಸಿದ ಒಜಿಬ್ವೆ ಜನರು ಆ ಸರೋವರವನ್ನು ಮೊದಲಿನಿಂದಲೂ ಕಡವೆಯಂಥ ದೊಡ್ಡ ಜಿಂಕೆಯ ಹೆಸರಿನಿಂದ ಕರೆಯುತ್ತಿದ್ದರು. ಆ ಹೆಸರು ಮರೆಗೆ ಸರಿಯಿತು. ಸತ್ಯವೆಂಬ ಪದದ ಒಂದು ತುಂಡನ್ನು ಹೊತ್ತ ಹೆಸರು ಇನ್ನೊಂದು ಸತ್ಯವನ್ನು ಮುಚ್ಚಿತು. ಅರ್ಧ ಹೇಳಿ ಅರ್ಧ ಬಿಡುವುದು ಎಷ್ಟು ಸುಲಭವೆಂಬುದಕ್ಕೆ ನಾವು ವಾಸಿಸಿದ ಊರಿನ ಹೆಸರೇ ಸಾಕ್ಷಿ.

ನಾನು ‘ಹೌದು’ ಎಂದು ಗುರುತು ಮಾಡಿದೆ. ಕೆಳಗಿನ ಸಾಲುಗಳಲ್ಲಿ ನೀರು ಬಂದ ವರ್ಷಗಳನ್ನೂ, ಮಾಡಿಸಿದ ಕೆಲಸವನ್ನೂ, ವಿದ್ಯುತ್ತು ಹೋದರೆ ಪಂಪು ನಿಲ್ಲುತ್ತದೆಂಬುದನ್ನೂ ಬರೆದೆ. ಯಜಮಾನರು ಓದಿ, ಏನೂ ಹೇಳದೆ, ತಮ್ಮ ಸಹಿಯನ್ನೂ ಹಾಕಿದರು. ಕೊಂಡವರು ಚಿಕ್ಕ ಮಗುವಿರುವ ದಂಪತಿ, ಬೇರೊಂದು ದೇಶದಿಂದ ಬಂದವರು. ಬೆಲೆಯಲ್ಲಿ ಸ್ವಲ್ಪ ಚೌಕಾಸಿ ಮಾಡಿದರು, ಪಂಪಿಗೆ ಬ್ಯಾಟರಿ ಹಾಕಿಸಿಕೊಡಿ ಎಂದರು, ಹಾಕಿಸಿಕೊಟ್ಟೆವು. ಕೀಲಿಕೈ ಒಪ್ಪಿಸಿದ ದಿನ ಆ ಹೆಣ್ಣುಮಗಳು ಬೇಸ್‌ಮೆಂಟಿನಲ್ಲಿ ಪುಸ್ತಕಗಳನ್ನು ಇಡಬಹುದೇ ಎಂದು ಕೇಳಿದಳು. ಇಡು, ಆದರೆ ನೆಲದಿಂದ ಒಂದಡಿ ಮೇಲಿಡು ತಾಯಿ ಎಂದೆ.